ತಾತ ಬಿದ್ದಿರಲಿಲ್ಲ, ಕೂತಿದ್ದರು

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದ್ದರಿಂದ ಇದನ್ನು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಪದಗಳ ಆಯ್ಕೆಯಲ್ಲಾಗಲಿ ಘಟನೆಗಳ ಜೋಡಣೆಯಲ್ಲಾಗಲಿ ಕೊರತೆ ಕಂಡರೆ ಓದುವವರು ಕ್ಷಮಿಸಬೇಕು. ಒಂದೇ ಒಂದು ಪದ ಬೇರೆಯಾಗಿ ಅರ್ಥವಾದರೆ ಏನಾಗುತ್ತದೆ ಎಂಬುದನ್ನು ಕಂಡವಳಾದ್ದರಿಂದ ಪ್ರತಿ ವಾಕ್ಯವನ್ನೂ ಮತ್ತೆ ಓದಿಕೊಂಡು ಬರೆಯುತ್ತಿದ್ದೇನೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಮಾಕಳಿದುರ್ಗದ ಬೆಟ್ಟ ಎದುರಿಗೆ ಕಾಣುವ ಕಡೆ, ನಮಗೊಂದು ರಾಗಿ ಹೊಲವಿದೆ. ಅಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಹೊಲವನ್ನೂ ಕೊಟ್ಟಿಗೆಯ ಹಸುವನ್ನೂ ನೋಡಿಕೊಳ್ಳುತ್ತಿದ್ದವರು ಅಪ್ಪನ ತಂದೆ, ನನ್ನ ತಾತ. ತಾತನ ಕಾಲು ನಡೆಯುವವರೆಗೆ ಮಾತ್ರ ಆ ಹೊಲಕ್ಕೆ ಉಳುಮೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಎಲ್ಲರಿಗೂ ತಿಳಿದಿತ್ತು.

ಉಳದೆ ಬಿಟ್ಟ ನೆಲವನ್ನು ನಮ್ಮ ಕಡೆ ಬೀಳು ಎನ್ನುತ್ತಾರೆ. ಅಕ್ಕಪಕ್ಕದ ಹೊಲಗಳು ಸೈಟುಗಳಾಗಲೆಂದು ಕಲ್ಲು ನೆಡಿಸಿಕೊಂಡು, ಮನೆಯೂ ಏಳದೆ ಪೈರೂ ಏಳದೆ, ಪಾರ್ಥೇನಿಯಂ ತುಂಬಿಕೊಂಡು ನಿಂತಿದ್ದವು. ಅವುಗಳ ಪಕ್ಕದಲ್ಲಿ ಹಾಯುವಾಗ ತಾತ, "ನೋಡ್ ಮಗಾ, ಇದೂ ಬಿದ್ದೋಯ್ತು" ಎನ್ನುತ್ತಿದ್ದರು. ತೀರಿಹೋದವರ ಬಗ್ಗೆ ಮಾತನಾಡುವ ದನಿ ಅದು. ಆ ಮಾತನ್ನು ಅವರು ತಮ್ಮ ಬಗ್ಗೆ ಎಂದೂ ಬಳಸಲಿಲ್ಲ.

ಒಂದು ಸಂಜೆ ಅವರು ಹೊಲದಿಂದ ಬಂದಾಗ ಪಂಚೆಗೂ ಬೆನ್ನಿಗೂ ಕೆಮ್ಮಣ್ಣು ಮೆತ್ತಿಕೊಂಡಿತ್ತು.

"ಎಲ್ ಬಿದ್ರಿ?" ಎಂದು ಅಜ್ಜಿ ಕೇಳಿದರು.

"ಯಾರೇ ಬಿದ್ದಿದ್ದು? ಬದೀನ್ ಮೇಲೆ ಹಂಗೇ ಕೂತ್ಕೊಂಡೆ."

"ಕೂತ್ಕೊಂಡ್ರೆ ಬೆನ್ನಿಗ್ಯಾಕೆ ಕೆಸರು? ಮಲ್ಕೊಂಡ್ ಕೂತಿದ್ರಾ?"

ನಾವೆಲ್ಲರೂ ನಕ್ಕೆವು, ತಾತನೂ ನಕ್ಕರು. ಇನ್ನೊಮ್ಮೆ ಬೆಳಿಗ್ಗೆ ಮಂಚದಿಂದ ಎದ್ದವರಿಗೆ ಕಣ್ಣು ಕತ್ತಲೆ ಬಂದು, ಗೋಡೆಗೆ ಒರಗಿಕೊಂಡೇ ನೆಲಕ್ಕೆ ಜಾರಿದರು. ಆಗಲೂ ಅವರು ಹೇಳಿದ್ದು ಕೂತ್ಕೊಂಡೆ ಎಂದೇ. ಕ್ರಮೇಣ ಅದು ಮನೆಯ ಮಾತೇ ಆಗಿಬಿಟ್ಟಿತು. ಬಚ್ಚಲಲ್ಲಿ ನನ್ನ ಕಾಲು ಜಾರಿದರೂ ಅಜ್ಜಿ, "ಏನೇ, ನೀನೂ ಕೂತ್ಕೊಂಡ್ಯಾ?" ಎಂದು ಒಳಗಿನಿಂದ ಕೂಗುತ್ತಿದ್ದರು.

ತಾತನಿಗೆ ರಕ್ತದೊತ್ತಡದ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತಿತ್ತು. ಡಾಕ್ಟರ ಬಳಿ ಸರಿಯಾಗಿ ಮಾತನಾಡಲಿ ಎಂದು ನನ್ನನ್ನು ಅವರ ಜೊತೆಗೆ ಕಳುಹಿಸುತ್ತಿದ್ದರು. ಹಾಗೆ ಹೋದ ಒಂದು ಸಲ, ಧಾರವಾಡದ ಕಡೆಯಿಂದ ಹೊಸ ಲೇಡಿ ಡಾಕ್ಟರು ಬಂದಿದ್ದರು. ವಯಸ್ಸಾದವರು ಬಂದರೆ ಅವರು ಮಾತ್ರೆ ಬರೆದು ಸುಮ್ಮನಾಗುತ್ತಿರಲಿಲ್ಲ; ಕಣ್ಣು, ಕಾಲು, ಚಪ್ಪಲಿಯನ್ನು ಸಹ ನೋಡುತ್ತಿದ್ದರು.

"ಈ ವರ್ಷದಾಗ ಎಲ್ಲೆರೆ ಬಿದ್ದೀರೇನ್ರಿ ಅಜ್ಜಾರ?"

"ಇಲ್ಲ ತಾಯಿ. ಒಂದೊಂದ್ ಸಲ ಕೂತ್ಕೊಂಡ್ಬಿಡ್ತೀನಿ, ಅಷ್ಟೇಯ."

"ಕೂಡಬೇಕ್ರಿ ಮತ್ತ. ದಣಿವಾದ್ರ ಕೂಡೋದು ಚಲೋ."

ತಾತ ನನ್ನ ಕಡೆ ತಿರುಗಿ, "ನೋಡ್ದಾ? ಡಾಕ್ಟ್ರೇ ಹೇಳವ್ರೆ" ಎಂದರು. ಮನೆಗೆ ಬಂದು ಅಜ್ಜಿಗೂ ಅದನ್ನೇ ಹೇಳಿದರು. "ಹಂಗಾದ್ರೆ ಊರ್ ತುಂಬಾ ಕೂತ್ಕೊಂಡ್ ಬನ್ನಿ, ನಂಗೇನು" ಎಂದು ಅಜ್ಜಿ ಮುದ್ದೆ ತಿರುವುತ್ತಲೇ ಉತ್ತರ ಕೊಟ್ಟರು.

ಆ ಕೋಣೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ್ದನ್ನು ಡಾಕ್ಟರು ಕೇಳಿದ್ದರು. ತಮ್ಮ ಮಾತಿನಲ್ಲಿ ಇದ್ದುದನ್ನು ತಾತ ಹೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಿವಿಗೂ ಅದು ಸರಿಯಾಗಿಯೇ ಕೇಳಿಸಿತ್ತು.

ಅವರೆಕಾಯಿ ಬರುವ ಕಾಲ. ಮುಂಜಾನೆ ತಾತ ಕೊಟ್ಟಿಗೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆದು, ಬಕೆಟ್ಟು ಹಿಡಿದು ಎದ್ದಿದ್ದಾರೆ. ಬಕೆಟ್ಟು ಕಲ್ಲುಚಪ್ಪಡಿಗೆ ಬಡಿದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಓಡಿಹೋದಾಗ ಅವರು ಒಂದು ಮಗ್ಗುಲಾಗಿ ಮಲಗಿದ್ದರು. ಹಾಲು ಹಸುವಿನ ಗೊರಸಿನವರೆಗೆ ಹರಿದಿತ್ತು.

"ಕೂತ್ಕೊಂಡೆ ಮಗಾ" ಎಂದರು. ಆಮೇಲೆ ನಿಧಾನವಾಗಿ, "ಏಳಕ್ಕಾಯ್ತಿಲ್ಲ."

ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವಾಕರ್ ಹಿಡಿದು ಬಾಗಿಲವರೆಗೆ ಬಂದದ್ದೇ ಅವರ ದೊಡ್ಡ ನಡಿಗೆಯಾಯಿತು.

ಅವರ ಮಾತ್ರೆಗಾಗಿ ಆರೋಗ್ಯ ಕೇಂದ್ರಕ್ಕೆ ಹೋದಾಗ ನಾನು ಡಾಕ್ಟರಿಗೆ ವಿಷಯ ತಿಳಿಸಿದೆ. ಮೊದಲೇನಾದರೂ ಹೀಗಾಗಿತ್ತೇ ಎಂದು ಕೇಳಿದರು. "ಇಲ್ಲ ಮೇಡಂ, ಅದಕ್ಕೆ ಮುಂಚೆ ಎರಡು ಸಲ ಕೂತಿದ್ದರು ಅಷ್ಟೇ" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಕೂತಿದ್ರು ಅಂದ್ರ? ತಾವಾಗೇ ಕೂತಿದ್ರೋ, ಬಿದ್ದಿದ್ರೋ?"

ಬೆನ್ನಿಗೆ ಮೆತ್ತಿದ್ದ ಕೆಮ್ಮಣ್ಣು, ಗೋಡೆಗೆ ಒರಗಿ ಜಾರಿದ್ದು, ಎರಡನ್ನೂ ಹೇಳಿದೆ. ಅದು ಮೊದಲೇ ತಿಳಿದಿದ್ದರೆ, ಮಲಗಿದ್ದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ರಕ್ತದೊತ್ತಡ ನೋಡಿ, ನಿಂತಾಗ ಇಳಿಯುತ್ತಿದ್ದರೆ ಮಾತ್ರೆ ಬದಲಾಯಿಸಬಹುದಿತ್ತು, ಕಾಲಿಗೆ ಬಲ ಬರುವ ವ್ಯಾಯಾಮ ಹೇಳಿಕೊಡಬಹುದಿತ್ತು ಎಂದು ಅವರು ವಿವರಿಸಿದರು. ನಂತರ ಕನ್ನಡಕ ತೆಗೆದು, "ನಮ್ಮ ಕಡೆ ಕೂಡೋದು ಅಂದ್ರ ಕೂಡೋದು ಅಷ್ಟ ನೋಡವ್ವಾ" ಎಂದರು.

ತಾತ ಮಂಚದಿಂದಲೇ ಅಪ್ಪನನ್ನು ದಿನವೂ ಕೇಳುತ್ತಿದ್ದರು: "ಹೊಲ ಉತ್ತ್ಯೇನ್ಲಾ?" ಪಾಳಿ ಮುಗಿಸಿ ಬಂದ ಅಪ್ಪ, ಚಪ್ಪಲಿ ಬಿಡುತ್ತಾ, "ಮಳೆ ಬೀಳ್ಲಿ ಕಣಪ್ಪಾ, ಉಳ್ತೀನಿ" ಎನ್ನುತ್ತಿದ್ದರು. ಮುಂಗಾರಿಗೆ ಮೊದಲೇ ತಾತ ತೀರಿಕೊಂಡರು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇವು. ಹಸುವನ್ನು ಮಾರಿದೆವು. ಬಚ್ಚಲ ಗೋಡೆಗೆ ಅಪ್ಪ ಹಿಡಿದುಕೊಳ್ಳಲು ಕಬ್ಬಿಣದ ಪೈಪು ಹಾಕಿಸಿದರು. ಅಜ್ಜಿ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟುಕೊಂಡಿದ್ದು ಆಮೇಲೆ ಏಳುತ್ತಾರೆ. ಡಾಕ್ಟರು ಈಗ ನಮ್ಮ ಊರಿನ ಹಿರಿಯರನ್ನೆಲ್ಲ, "ಬಿದ್ದೀರೇನು, ಇಲ್ಲಾ ಹಂಗೇ ಕೂತ್ಕೊಂಡ್ರೇನು?" ಎಂದು ಎರಡೂ ಬಗೆಯಲ್ಲಿ ಕೇಳುತ್ತಾರೆ. ಕಳೆದ ಸಲ ಅಜ್ಜಿ, ಎಲ್ಲರೆದುರು, ತಲೆ ತಗ್ಗಿಸದೆ, "ಬಿದ್ದೆ ಕಣಮ್ಮ, ಹಿತ್ಲಾಗೆ" ಎಂದು ಹೇಳಿದರು. ಅಜ್ಜಿಯ ರಕ್ತದೊತ್ತಡದ ಮಾತ್ರೆಯನ್ನು ಡಾಕ್ಟರು ಅಂದೇ ಬದಲಾಯಿಸಿದರು.

ಅಪ್ಪನಿಗೆ ಪಾಳಿ ಬಿಟ್ಟು ಹೊಲಕ್ಕೆ ಹೋಗಲು ಆಗಲಿಲ್ಲ. ಹೊಲ ಈ ವರ್ಷ ಬೀಳು ಬಿದ್ದಿದೆ.