ಮಿಂದಿಯಾಳ ಮೂರು ರಾತ್ರಿ

ನಮ್ಮ ಸುಬುರಾ ಕೇರಿಯಲ್ಲಿ ಮಿಂದಿಯಾಳನ್ನು ಗಯ್ಯಾಳಿ ಅಂತಾರೆ. ಅನ್ನಲಿ ಬಿಡಿ! ನನ್ನ ತಂಗಿಯ ಮಗಳು ಅವಳು, ಆ ಬಾಯಿ ನನ್ನಿಂದಲೇ ಬಂದದ್ದು. ಅವಳಪ್ಪ ಸಾಯುವಾಗ ಅವಳಿಗೆ ಬಿಟ್ಟುಹೋದದ್ದು ಒಂದು ರೊಟ್ಟಿ ಅಂಗಡಿ, ಅದರ ಭಟ್ಟಿ, ಬೀಸುಕಲ್ಲು ತಿರುಗಿಸುವ ಎರಡು ಮುದಿ ಕತ್ತೆ. ಹಿಟ್ಟು ನಾದಿ ನಾದಿ ಅವಳ ತೋಳು ಗಟ್ಟಿಯಾಗಿದೆ.

ಹೋದ ವರ್ಷ ಎಣ್ಣೆ ವ್ಯಾಪಾರಿ ಟ್ರೆಬಿಯುಸ್‌ನನ್ನು ಮದುವೆಯಾದಳು. ನಮ್ಮಲ್ಲೊಂದು ಕಟ್ಟಳೆ. ಹೆಂಡತಿ ಗಂಡನ ಮನೆಯಲ್ಲಿ ವರ್ಷವಿಡೀ ಎಡೆಬಿಡದೆ ಇದ್ದರೆ ಅವಳೂ ಅವಳದ್ದೆಲ್ಲವೂ ಅವನ ಕೈವಶ. ಆ ವರ್ಷದೊಳಗೆ ಮೂರು ರಾತ್ರಿ ಪೂರಾ ಹೊರಗೆ ಮಲಗಿದಳೋ, ಅವಳದ್ದು ಅವಳದೇ. ಟ್ರೆಬಿಯುಸ್‌ಗೆ ಅಂಗಡಿ ಮಾರಿ ದೋಣಿ ಕೊಳ್ಳುವ ಆಸೆ. ಅವಳ ಪಾಲಕನಾಗಿದ್ದ ಚಿಕ್ಕಪ್ಪನಿಗೆ ದ್ರಾಕ್ಷಾರಸ ಕುಡಿಸಿ ಬುಟ್ಟಿಗೆ ಹಾಕಿಕೊಂಡಿದ್ದ.

"ಒಲೆಯ ದೇವಿ ವೆಸ್ತಾಳ ಹಬ್ಬ ಮುಗೀಲಿ, ರೊಟ್ಟಿಯವರ ಪದ್ಧತಿಯಂತೆ ಕತ್ತೆಗಳಿಗೆ ಹಾರ ಹಾಕಿ ಆಮೇಲೆ ಬಾರೇ. ಮದುವೆ ವರ್ಷದ ಕೊನೇ ಮೂರು ರಾತ್ರಿ ನನ್ನ ಮನೇಲಿರು" ಎಂದವಳು ನಾನೇ. ಟ್ರೆಬಿಯುಸ್ ಕೂಡ "ಆರಾಮಾಗಿ ಇದ್ದು ಬಾ" ಅಂದುಬಿಟ್ಟ.

"ದೊಡ್ಡಮ್ಮಾ, ಒಂದು ಹಿಡಿ ಉಪ್ಪು ಕೇಳಿದ್ರೂ ಮುಖ ಗಂಟಿಕ್ಕೋ ಮನುಷ್ಯ. ಇದಕ್ಕೆ ಹಲ್ಲು ಕಿರೀತಾನಲ್ಲ!"

"ಸುಮ್ನಿರೇ, ನಿಂಗೆ ಎಲ್ಲದಕ್ಕೂ ಅನುಮಾನ" ಎಂದು ಬೈದೆ.

ಅವಳು ಕೇಳಬೇಕಲ್ಲ! ಅರ್ಜಿ ಬರೆಯುವ ಮುದುಕನ ಹತ್ತಿರ ಹೋಗಿ ವಿಚಾರಿಸಿದಳು. "ಅಯ್ಯೋ ತಾಯಿ, ಕಾನೂನಿಗೆ ದಿನ ಉರುಳೋದು ನಡುರಾತ್ರೀಲಿ. ನಿನ್ನ ಮೂರನೇ ರಾತ್ರಿ ಅರ್ಧ ಆಗೋಷ್ಟರಲ್ಲಿ ವರ್ಷವೇ ಮುಗಿದಿರುತ್ತೆ. ಇವತ್ತೇ ಹೊರಡು" ಅಂದನಂತೆ. ನಾನು ಪೆದ್ದಿ, ಕತ್ತಲಿಂದ ಬೆಳಕಿನವರೆಗೆ ಒಂದು ರಾತ್ರಿ ಅಂತ ಎಣಿಸಿ ಕೂತಿದ್ದೆ. ನನ್ನ ಮಾತು ಕೇಳಿದ್ದರೆ ಹುಡುಗಿ ಹಾಳಾಗಿ ಹೋಗುತ್ತಿದ್ದಳು.

ಅವತ್ತೇ ಟ್ರೆಬಿಯುಸ್ ಮನೆಯಲ್ಲಿ ಔತಣ. ಎಣ್ಣೆ ವ್ಯಾಪಾರಿಗಳು, ಚಿಕ್ಕಪ್ಪ, ನಾನು, ಎಲ್ಲ ಸೇರಿದ್ದೆವು. ಮಿಂದಿಯಾ ಮೀನು ಬಡಿಸಿದವಳೇ ಒಳಗೆ ಹೋಗಿ, ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಬಂದಳು.

"ಎಲ್ಲಿಗೆ?" ಅಂದ ಟ್ರೆಬಿಯುಸ್.

"ಮಲಗೋಕೆ."

"ಹೋಗೋದು ನಾಳೆ ಅಲ್ವಾ?"

"ನಾಳೆ ಹೋದ್ರೆ ಎರಡೂವರೆ ರಾತ್ರಿ ಆಗುತ್ತಂತೆ. ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಅತಿಥಿಯೊಬ್ಬ ಕಿಸಕ್ಕನೆ ನಕ್ಕ. ಟ್ರೆಬಿಯುಸ್ ಮುಖ ಕೆಂಪಾಯಿತು. ಚಿಕ್ಕಪ್ಪ ತೊದಲಿದ: "ಹಾಸಿಗೆ ಹೊತ್ಕೊಂಡು ಬೀದೀಲಿ ಹೋಗ್ತೀಯಾ? ಮಾನ ಮರ್ಯಾದೆ ಇಲ್ವೇನೇ?"

"ನೀವು ಕುಡಿಯೋದು ಮುಗಿಸಿ ಚಿಕ್ಕಪ್ಪಾ. ನನ್ನ ಮಾನ ನಾನು ನೋಡ್ಕೋತೀನಿ."

"ಹೊಸಿಲು ದಾಟಿದ್ರೆ ಬಾಗಿಲು ಹಾಕ್ತೀನಿ. ಮತ್ತೆ ತೆಗೆಯಲ್ಲ" ಎಂದು ಟ್ರೆಬಿಯುಸ್ ಗುಡುಗಿದ.

"ಹಾಕ್ಕೊಳ್ಳಿ" ಎಂದು ದಾಟಿಯೇ ಬಿಟ್ಟಳು. ಬೀದಿಯ ಜನ ಕಿಟಕಿಗಳಿಂದ ಕತ್ತು ಚಾಚಿ ನೋಡಿದರು. ನಾನೂ ತಲೆ ಎತ್ತಿಕೊಂಡೇ ಅವಳ ಜೊತೆ ನಡೆದೆ.

ಎರಡನೇ ರಾತ್ರಿ ಅವಳು ಅತ್ತಳು. ಅವನ ಮೇಲೆ ಪ್ರೀತಿ ಇತ್ತು ಕಣ್ರೀ, ಅದೇ ಸಂಕಟ. "ವಾಪಸ್ ಹೋಗ್ತೀಯೇನೇ?" ಅಂತ ಕೇಳಿದೆ. ಮೂಗು ಒರೆಸಿಕೊಂಡು ಗೋಡೆ ಕಡೆ ಹೊರಳಿ ಮಲಗಿದಳು.

ಮೂರು ರಾತ್ರಿ ಕಳೆದು ಬೆಳಿಗ್ಗೆ ಗಂಡನ ಮನೆಗೆ ಹೋದರೆ ಬಾಗಿಲು ಹಾಕಿತ್ತು. ಅವಳು ಬಡಿಯಲಿಲ್ಲ. ನೇರ ಅಂಗಡಿಗೆ ಬಂದು ಹಾಸಿಗೆಯನ್ನು ಹಿಟ್ಟಿನ ಮೂಟೆಗಳ ಪಕ್ಕ ಎಸೆದು, ಭಟ್ಟಿ ಹೊತ್ತಿಸಿದಳು.

ಮಧ್ಯಾಹ್ನ ಗಿರಾಕಿಗಳನ್ನು ತಳ್ಳಿಕೊಂಡು ಟ್ರೆಬಿಯುಸ್ ಬಂದ. "ಜನ ನಗ್ತಿದಾರೆ. ಆಗಿದ್ದಾಯ್ತು, ಮನೆಗೆ ನಡಿ."

ಮಿಂದಿಯಾ ಹಿಟ್ಟು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟಳು. "ರೊಟ್ಟಿ ಬೇಕಿತ್ತಾ?"

"ರೊಟ್ಟಿಗೆ ಬಂದಿಲ್ಲ ನಾನು!"

"ಹಾಗಾದ್ರೆ ಪಕ್ಕಕ್ಕೆ ಸರೀರಿ. ಇದು ನನ್ನ ಅಂಗಡಿ. ಹಿಂದಿನೋರು ಕಾಯ್ತಿದಾರೆ."