ಕಣ್ಣಿನ ದೋಷವಲ್ಲ

ಕನ್ನಡಕದಂಗಡಿ ಇಟ್ಟುಕೊಂಡಿದ್ದ ಆಕೆಯನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಗಳ ಹತ್ತಿರ ಬೆಣ್ಣೆಯಂಥ ಮಾತು. ಊರಿನ ಫುಟ್‌ಬಾಲ್ ತಂಡದ ಆಟವಿದ್ದ ದಿನ ಮಾತ್ರ ಸ್ಟೇಡಿಯಂನಲ್ಲಿ ಆಕೆಯ ಪಕ್ಕ ಕೂರಲು ಸ್ವಂತ ತಮ್ಮನೇ ಹಿಂದೆಮುಂದೆ ನೋಡುತ್ತಿದ್ದ.

ಆ ವರ್ಷ ತಂಡದವರು ಹಳಬರನ್ನೆಲ್ಲ ಕೈಬಿಟ್ಟು, ಮೀಸೆ ಚಿಗುರದ ಹುಡುಗರನ್ನು ಇಳಿಸಿದ್ದರು. ಸೋಲಿನ ಮೇಲೆ ಸೋಲು. ಅದರಲ್ಲೂ ಗೋಲು ಹೊಡೆಯಬೇಕಾದ ಹುಡುಗನೊಬ್ಬ ಚೆಂಡು ಸಿಕ್ಕಾಗಲೆಲ್ಲ ಆಕಾಶಕ್ಕೆ ಒದೆಯುತ್ತಿದ್ದ.

"ಭವಿಷ್ಯದ ತಾರೆಗಳಂತೆ!" ಅಕ್ಕ ಹಲ್ಲು ಕಡಿದಳು. "ಅದಕ್ಕೇ ಹಗಲಲ್ಲಿ ಕಾಣಿಸ್ತಿಲ್ಲ."

"ಬೈಬೇಡ ಅಕ್ಕ, ಪಾಪ, ಕಣ್ಣು ಮಂಜೇನೋ" ಎಂದ ತಮ್ಮ, ತಮಾಷೆಗೆ.

ಮಾತು ಆಕೆಯ ತಲೆ ಹೊಕ್ಕಿತು. ಹೌದಲ್ಲ! ದೂರದ್ದು ಕಾಣದಿದ್ದರೆ ಅವನಾದರೂ ಏನು ಮಾಡಿಯಾನು? ಮುಂದಿನ ಒಂದೆರಡು ಆಟಗಳಲ್ಲಿ ಬೈಗುಳ ನುಂಗಿಕೊಂಡಳು.

ಒಂದು ಮಧ್ಯಾಹ್ನ ಆ ಹುಡುಗನೇ ಅಂಗಡಿಗೆ ಬಂದ, ಕೂಲಿಂಗ್ ಗ್ಲಾಸ್ ಕೊಳ್ಳಲು.

"ಮೊದಲು ಈ ಕುರ್ಚಿ ಮೇಲೆ ಕೂತ್ಕೊಳಪ್ಪ, ಕಣ್ಣು ನೋಡ್ತೀನಿ."

"ನಂಗೇನೂ ತೊಂದರೆ ಇಲ್ಲ ಆಂಟಿ."

"ಅದನ್ನ ನಾನು ಹೇಳ್ತೀನಿ."

ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಳು. ಅವನು ನೀರು ಕುಡಿದಷ್ಟು ಸಲೀಸಾಗಿ ಕೆಳಗಿನ ಸಾಲಿಗೆ ಇಳಿದ. ಇನ್ನೊಂದು ಕಣ್ಣಿನದೂ ಅದೇ ಕತೆ. ಸಾಲದ್ದಕ್ಕೆ, ಅಡಿಯಲ್ಲಿ ಇರುವೆ ಸಾಲಿನಂತಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟ.

ಆಕೆಯ ಮುಖ ಇಳಿದುಹೋಯಿತು.

"ಎಲ್ಲ ಸರಿಯಿದೆಯಾ ಆಂಟಿ?"

"ಸರಿಯಿದೆ ಕಣಪ್ಪ, ಅದೇ ನನ್ನ ಕರ್ಮ! ಇಷ್ಟು ಚಿಕ್ಕದು ಕಾಣತ್ತೆ, ಅಷ್ಟು ದೊಡ್ಡ ಗೋಲು ಕಾಣಲ್ವಾ?"

ಹುಡುಗನ ಕಿವಿ ಕೆಂಪಾದವು. "ಕಾಣತ್ತೆ ಆಂಟಿ. ನೀವೆಲ್ಲ ಕೂಗೋದೂ ಕೇಳತ್ತೆ. ಆಮೇಲೆ ಕಾಲು ನನ್ನ ಮಾತು ಕೇಳಲ್ಲ."

ಅಯ್ಯೋ ಅನ್ನಿಸಿತು. ಆದರೆ ಕನಿಕರ ಬಂತೆಂದು ಸಿಟ್ಟು ಎದ್ದುಹೋಗಲಿಲ್ಲ. "ಕಾಲಿಗೆ ಹಾಕೋ ಕನ್ನಡಕ ನನ್ನ ಹತ್ರ ಇಲ್ಲ. ಹೋಗಿ ಪ್ರಾಕ್ಟೀಸ್ ಮಾಡು" ಎಂದು ಅವನು ಆರಿಸಿದ್ದನ್ನು ಕಟ್ಟಿಕೊಟ್ಟಳು.

ಮುಂದಿನ ಆಟಕ್ಕೆ ಬಾಯಿ ಬಿಗಿಹಿಡಿದೇ ಹೋದಳು. ಹುಡುಗನಿಗೆ ಚೆಂಡು ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಒದ್ದ. ಚೆಂಡು ಕಂಬದ ಮೇಲಿಂದ ಹಾರಿ ಜನರ ನಡುವೆ ಬಿತ್ತು.

ಅಲ್ಲಿಂದ ಮುಂದೆ ಆಕೆಯ ಬಾಯಿ ಆಕೆಯ ಕೈಯಲ್ಲಿರಲಿಲ್ಲ.

ಮರುದಿನ ಗಂಟಲು ಪೂರ್ತಿ ಕಟ್ಟಿತ್ತು. ಬೆಳಿಗ್ಗೆ ಬಂದ ಮುದುಕನೊಬ್ಬನಿಗೆ ಕೋಲು ಹಿಡಿದು ಒಂದೊಂದೇ ಅಕ್ಷರ ತೋರಿಸಬೇಕಾಯಿತು. ಅವನೂ ಪಿಸುಗುಟ್ಟುತ್ತಲೇ ಓದಿದ.

"ನಿಮ್ಮ ಗಂಟಲಿಗೇನಾಯ್ತು ಯಜಮಾನ್ರೇ?" ಎಂದಳು, ಗಾಳಿಯಷ್ಟೇ ಹೊರಟಿತು.

"ನಿನ್ನೆ ಆಟಕ್ಕೆ ಹೋಗಿದ್ದೆ ಕಣಮ್ಮ," ಎಂದು ಮುದುಕ ಹಣೆ ಚಚ್ಚಿಕೊಂಡ.