ರಾಜಬೀ ಚಾಚಿಯ ಕೈ ಎಚ್ಚರಾಗುವ ಹೊತ್ತು

ಬೇನೆ ಇದ್ದವರ ಮುಂದೆ ಊರಿಗೆ ಊರೇ ಡಾಕ್ಟರ್ ಆಗುತ್ತದೆ. ನಂದಗಡದ ರಾಜಬೀ ಚಾಚಿಯ ಬೆರಳುಗಳು ಬಾತು ಗಂಟಾದಾಗ ಬದನೆಕಾಯಿ ಬಿಡು ಎಂದವರೆಷ್ಟೋ, ಎಕ್ಕೆಯ ಎಲೆ ಕಾಯಿಸಿ ಕಟ್ಟು ಎಂದವರೆಷ್ಟೋ. "ತಾಳಿದವನು ಬಾಳಿಯಾನು" ಎಂದು ಹೇಳಿ ಚಹಾ ಕುಡಿದು ಹೋದವರೂ ಇದ್ದಾರೆ. ಈ ಗಾದೆ ಹೇಳುವವರ ಬೆರಳು ಎಂದೂ ಬಾತಿರುವುದಿಲ್ಲ. ನಾನು ಗಮನಿಸಿ ನೋಡಿದ್ದೇನೆ.

ಚಾಚಿ ಬಳೆ ಇಡುವವರು. ಅವರ ಅತ್ತೆಯ ಕಸುಬೂ ಅದೇ. ನನ್ನ ಅವ್ವ ಭೀಮಕ್ಕ ನನ್ನನ್ನು ಹೊತ್ತಿದ್ದಾಗ ಹಸಿರು ಬಳೆ ಇಟ್ಟದ್ದು ಆ ಅತ್ತೆ, ನನ್ನ ಮದುವೆಗೆ ಇಟ್ಟದ್ದು ಚಾಚಿ. ಕೈಯನ್ನು ಒಮ್ಮೆ ಹಿಚುಕಿದರೆ ಸಾಕು, ಅಳತೆ ತಿಳಿದುಬಿಡುತ್ತಿತ್ತು. ಸಾಬೂನು, ಎಣ್ಣೆ ಯಾವುದನ್ನೂ ಹತ್ತಿರ ಬಿಟ್ಟುಕೊಂಡವರಲ್ಲ. "ಎಣ್ಣಿ ಹಚ್ಚಿ ಬಳಿ ಇಡಾಕ ನಾ ಯಾಕ ಬೇಕ? ಮನ್ಯಾಗ ನೀವ ಇಟ್ಕೋರಿ" ಎನ್ನುತ್ತಿದ್ದರು. ಸೊಕ್ಕು ಸ್ವಲ್ಪ ಇತ್ತು, ಅದು ಅವರಿಗೆ ಒಪ್ಪುತ್ತಿತ್ತು.

ಬೆರಳು ಬಾತ ಮೊದಲ ವರ್ಷಗಳಲ್ಲಿ ಯಾರೋ ಒಬ್ಬ ಹೆಸರಿಲ್ಲದ ಗುಳಿಗೆಗಳ ಪುಡಿಕೆ ಕೊಡುತ್ತಿದ್ದ. ನುಂಗಿದ ಮರುದಿನವೇ ಕೈ ಹಗುರ. ಚಾಚಿ ಅವನನ್ನು ದೇವರೆಂದು ತಿಳಿದರು. ಆಮೇಲೆ ಮುಖ ಉಬ್ಬಿ ದುಂಡಗಾಯಿತು, ಸಕ್ಕರೆ ಕಾಯಿಲೆ ಬಂತು. ಟಿಳಕವಾಡಿಯ ಸಾಲೆಯಲ್ಲಿ ಕಲಿಸುವ ನಾನು ಜಗಳ ಮಾಡಿಯೇ ಅವರನ್ನು ಬೆಳಗಾವಿಗೆ ಕರೆತಂದು ಕೀಲುಬೇನೆಯ ಡಾಕ್ಟರ್ ವಿನಯ ಅವರಿಗೆ ತೋರಿಸಿದೆ. ಇದು ಬರೀ ಸವಕಳಿಯಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲಿನ ಮೇಲೆ ತಿರುಗಿಬಿದ್ದಿದೆ ಎಂದು ಅವರು ತಿಳಿಸಿ ಹೇಳಿ, ವಾರಕ್ಕೊಮ್ಮೆ ನುಂಗುವ ಔಷಧ ಬರೆದುಕೊಟ್ಟರು. ಬಾವು ನಿಧಾನವಾಗಿ ಇಳಿಯಿತು. ಆದರೆ ಗುಳಿಗೆಯ ಮರುದಿನ ಹೊಟ್ಟೆ ತೊಳಸಿ ಚಾಚಿ ಮಲಗಿಬಿಡುತ್ತಿದ್ದರು. ಮುಂಜಾನೆಯ ಬಿಗಿತವಂತೂ ಪೂರಾ ಹೋಗಲಿಲ್ಲ.

ಆ ಮುಂಜಾನೆಗಳನ್ನು ನಾನು ಬಲ್ಲೆ. ದವಾಖಾನೆಗೆ ಬರುವಾಗ ಚಾಚಿ ಹಿಂದಿನ ದಿನವೇ ನಮ್ಮ ಮನೆಗೆ ಬಂದು ಉಳಿಯುತ್ತಾರೆ. ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಾರೆ. ತಲೆ ಬಾಚಿ ತುರುಬು ಕಟ್ಟುವುದು ನನ್ನ ಕೆಲಸ. "ನಾ ಒಬ್ಬಾಕಿನ ಎದ್ದೇನವ್ವಾ, ಕೈ ಇನ್ನೂ ಎಚ್ಚರಾಗಿಲ್ಲ" ಎಂದು ನಗುತ್ತಾರೆ. ಅವು ಎಚ್ಚರಾಗುವ ಹೊತ್ತಿಗೆ ನನ್ನ ಸಾಲೆಯಲ್ಲಿ ಎರಡು ಪಾಠ ಮುಗಿದಿರುತ್ತವೆ.

ಈ ಸಲ ಬಂದಾಗ ಅವರು ನಗಲಿಲ್ಲ. ನನ್ನ ತಮ್ಮ ರಾಮಲಿಂಗನ ಹೆಂಡತಿ ಶೀತಲಳಿಗೆ ಏಳು ತಿಂಗಳು. ಮುಂದಿನ ವಾರ ಕುಬಸ, ಬಸುರಿಗೆ ಹಸಿರು ಬಳೆ ಇಡುವ ಸೀಮಂತ. ಮನೆತನದ ಸ್ವಾಮಿ ಈರಯ್ಯನವರು ಮುಂಜಾನೆಯ ಹೊತ್ತು ಹೇಳಿದ್ದರು. ದೀಪಾವಳಿಯಲ್ಲಿ ಯಾರದೋ ಮನೆಯಲ್ಲಿ ಚಾಚಿಯ ಕೈಯಲ್ಲಿ ಮೇಲಿಂದ ಮೇಲೆ ಬಳೆ ಒಡೆದಿದ್ದವು. ಬಸುರಿಗೆ ಬಳೆ ಇಡುವಾಗ ಒಡೆಯಬಾರದು ಎಂಬುದು ನಮ್ಮವರ ನಂಬಿಕೆ. ಅದಕ್ಕೇ ಅವ್ವ ಚಾಚಿಗೆ ತಿಳಿಸದೆ ಖಾನಾಪುರದ ಬಳೆಗಾರ್ತಿಯೊಬ್ಬಳಿಗೆ ಹೇಳಿಟ್ಟಿದ್ದಳು. ನಂದಗಡದಲ್ಲಿ ಅಂಥ ಸುದ್ದಿ ಎಷ್ಟು ಹೊತ್ತು ನಿಲ್ಲುತ್ತದೆ?

ಚಾಚಿ ಬೆರಳುಗಳಿಂದ ಆಗದೆ ಹಲ್ಲಿನಿಂದ ಎಲಿ-ಅಡಿಕೆಯ ಚೀಲ ಬಿಚ್ಚಿದರು. ಒಳಗೆ ಆ ಹಳೆಯ ಪುಡಿಕೆ.

"ನಾಕ ದಿನ ತಗೋತೀನಿ ಪೂರ್ಣಿಮಾ. ಕುಬಸ ಮುಗೀಲಿ, ಬಿಟ್ಟಬಿಡತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಜೀವಕ್ಕಿಂತ ಬಳಿ ಹೆಚ್ಚಾತೇನು ಚಾಚಿ?"

"ನಿನ್ನ ಕೈಯಾಗ ಹಲಗಿ ಮ್ಯಾಲ ಬರಿಯೂ ಖಡು ನಿಲ್ಲದಂಗ ಆಗಿ, ಸಾಲ್ಯಾಗ ನಿನ್ನ ಜಾಗಾದಾಗ ಬ್ಯಾರೇದಾಕಿ ನಿಂತಾಗ ಹೇಳು."

ಕಲಿಸುವವಳಿಗೆ ಈ ಉತ್ತರ ತಿಳಿಯಲು ಹೊತ್ತು ಬೇಕಾಗಲಿಲ್ಲ. ನಾನು ಅವರ ತುರುಬು ಕಟ್ಟಿದೆ.

ದವಾಖಾನೆಯಲ್ಲಿ ಡಾಕ್ಟರು ರಿಪೋರ್ಟು ನೋಡಿ, ಬಾವು ಕಡಿಮೆಯಾಗಿದೆ, ಬೇಕಾದರೆ ಇನ್ನೂ ಜೋರಿನ ಇಂಜೆಕ್ಷನ್ ಇದೆ ಎಂದರು. ಆಮೇಲೆ ಕಾಗದ ಪಕ್ಕಕ್ಕಿಟ್ಟು ಕೇಳಿದರು, "ನಿಮಗ ಏನ ಆದ್ರ ಆರಾಮ ಆತು ಅಂತ ಅನಸ್ತೈತ್ರಿ?"

ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚಾಚಿ ಕೈ ನೋಡಿಕೊಂಡು ಕುಳಿತರು.

"ನೋವೆಲ್ಲಾ ಹೋಗ್ಲಿ ಅನ್ನಂಗಿಲ್ರಿ ಸಾಹೇಬ್ರ. ಹೆಣ್ಮಗಳ ಕೈ ಹಿಡದ್ರ ಅದು ನನ್ನ ಕೈಗೆ ತಿಳೀಬೇಕು. ಬಳಿ ಇಡೂ ದಿನ ನಾ ಎದ್ದು ಕುಂದರಬೇಕು. ಅಷ್ಟ."

ಹೇಳಿ, ಪುಡಿಕೆಯನ್ನು ತಾವೇ ಮೇಜಿನ ಮೇಲಿಟ್ಟರು. ಡಾಕ್ಟರು ಬೈಯಲಿಲ್ಲ. ಸಕ್ಕರೆ ಇಷ್ಟಿರುವಾಗ ಇದು ಯಾಕೆ ಬೇಡವೆಂದು ಬಿಡಿಸಿ ಹೇಳಿದರು. ವಾರದ ಗುಳಿಗೆಯನ್ನು, ಚಾಚಿ ಬಳೆ ಇಡಲು ಕೂರುವ ಸಂತೆ ಮುಗಿದ ರಾತ್ರಿಗೆ ಬದಲಿಸಿದರು, ಹೊಟ್ಟೆ ತೊಳಸುವುದು ಕೆಲಸವಿಲ್ಲದ ದಿನಕ್ಕೆ ಬೀಳಲಿ ಎಂದು. ಇಂಜೆಕ್ಷನ್ನಿನ ಮಾತು ಪರೀಕ್ಷೆಗಳಾದ ಮೇಲೆ, ಅವಸರವಿಲ್ಲ ಎಂದರು. "ಆದ್ರ ಒಂದು ವಾರದಾಗ ಮುಂಜಾನಿ ಕೈ ಸಡ್ಲ ಮಾಡೂ ಔಷಧ ನಿಮಗ ಕೊಡಾಕ ಬರಂಗಿಲ್ರಿ."

ಔಷಧವಿಲ್ಲದಿದ್ದರೆ ಹೊತ್ತನ್ನಾದರೂ ಬದಲಿಸಬಹುದಲ್ಲ? ರಜೆಯ ದಿನ ನಂದಗಡಕ್ಕೆ ಹೋಗಿ ಅವ್ವನಿಗೆ ಕುಬಸ ಮಧ್ಯಾಹ್ನ ಇಟ್ಟುಕೋ ಎಂದೆ.

"ಸ್ವಾಮ್ಯಾರು ಹೇಳಿದ ಹೊತ್ತು ಮುರೀಲೇನು? ಬಳಿ ಒಡದ್ರ ಕೇಡು ನಿನ್ನ ಸೊಸಿಗೆ ಅಲ್ಲ, ನನ್ನ ಸೊಸಿಗೆ" ಎಂದಳು ಅವ್ವ.

ಅವಳ ಎದುರಿಗೇ ಈರಯ್ಯನವರಿಗೆ ಫೋನು ಹಚ್ಚಿದೆ. ಅವರು ನಕ್ಕರು. "ಹನ್ನೆರಡಕ್ಕೂ ಛಲೋ ಹೊತ್ತೈತೆವ್ವಾ. ಹಸದ ಮಂದಿ ಬೈತಾರ, ಅಷ್ಟ." ಅವ್ವ ಮೋರೆ ಉಬ್ಬಿಸಿಕೊಂಡು ಒಳಗೆ ಹೋದಳು. ಆದರೆ ಖಾನಾಪುರದವಳಿಗೆ ಬರಬೇಡ ಎಂದು ಹೇಳಿಸಿದಳು.

ಕುಬಸದ ದಿನ ಚಾಚಿ ಬಂದು ಶೀತಲಳ ಕೈ ಹಿಡಿದರು. ಏಳು ತಿಂಗಳ ಬಸುರಿಯ ಕೈ, ಅದೂ ಬಾತಿತ್ತು. ಚಾಚಿ ಒಮ್ಮೆ ಹಿಚುಕಿ, ತೆಗೆದಿಟ್ಟ ಬಳೆ ಬಿಟ್ಟು ಒಂದು ಅಳತೆ ದೊಡ್ಡದನ್ನು ಆರಿಸಿದರು. ಮೊದಲನೆಯದು ಕೈಗೇರಿತು. ಎರಡನೆಯದೂ ಏರಿತು. ಚಾಚಿಯ ಹಣೆಯ ಮೇಲೆ ಬೆವರು ಮೂಡಿತು. ನಾಲ್ಕನೆಯದು ಗೆಣ್ಣಿನ ಮೇಲೆ ಚಟ್ಟೆಂದಿತು.

ಚಾಚಿ ಚೂರುಗಳನ್ನು ಸೆರಗಿಗೆ ಹಾಕಿಕೊಂಡು ಬಳೆಯ ಪೆಟ್ಟಿಗೆ ಮುಚ್ಚತೊಡಗಿದರು. "ಖಾನಾಪುರದಾಕಿನ್ನ ಕರಸು ಭೀಮಕ್ಕ."

ಶೀತಲ ಮುಂದಿಟ್ಟ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. "ನೀವು ಹಿಡದ್ರ ನೋಯಂಗಿಲ್ಲ ಚಾಚಿ" ಎಂದಳು.

ಅವ್ವ ಎದ್ದು ಒಳಗೆ ಹೋದಳು. ಖಾನಾಪುರಕ್ಕೆ ಫೋನು ಮಾಡಲಿಕ್ಕೇ ಹೋದಳು ಎಂದುಕೊಂಡೆ. ಅವಳು ಎಣ್ಣೆಯ ಬಟ್ಟಲು ತಂದು ಚಾಚಿಯ ಬಾಜು ಕುಳಿತಳು.

"ಒಡೀತು ಅನ್ನಬಾರದು, ಒಂದು ಬಳಿ ಹೆಚ್ಚಾತು, ಆಗ್ಲಿ. ಎಣ್ಣಿ ನಾ ಹಚ್ಚತೀನಿ. ಬಳಿ ನೀ ಇಡು."

ಚಾಚಿ ಬಟ್ಟಲನ್ನು ನೋಡಿದರು. ಜೀವಮಾನವಿಡೀ ಬೇಡವೆಂದ ಎಣ್ಣೆ. ಅವ್ವ ಶೀತಲಳ ಕೈಗೆ ಹಚ್ಚಿ ಮುಗಿಸಿದ ಮೇಲೆ, ಚಾಚಿ ತಮ್ಮ ಗಂಟುಗಟ್ಟಿದ ಬೆರಳುಗಳನ್ನೂ ಮುಂದೆ ಮಾಡಿದರು.

"ಇಲ್ಲೂ ಒಂದೀಟ ಹಚ್ಚ ಭೀಮಕ್ಕ. ಸಾವಕಾಶ. ಭಾಳ ನೋಯತೈತಿ."

ಅವರ ಬಾಯಿಂದ ಆ ಮಾತು ನಾವು ಯಾರೂ ಕೇಳಿರಲಿಲ್ಲ. ಅವ್ವ ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕಿದಳು. ಹಸಿದ ಮಂದಿ ಬೈಯದೆ ಕಾಯ್ದರು.